ಟ್ರಾವೆಲರ್ ಕ್ಯಾಂಪರ್‌ನ ನೆಲ: ಹಳೆ ವಿನೈಲ್ ಕಿತ್ತು ಹೊಸದು ಹಾಸಿದ್ದು

ನಮ್ಮದು 2012ರ ಟೆಂಪೋ ಟ್ರಾವೆಲರ್. ಮೊದಲು ಇಟ್ಟುಕೊಂಡಿದ್ದವರು ಸೀಟೆಲ್ಲ ತೆಗೆಸಿ, ಒಳಗೆ ಮಂಚ, ಸಿಂಕ್, ಒಲೆಕಟ್ಟೆ ಮಾಡಿಸಿ ಕ್ಯಾಂಪರ್ ಮಾಡಿಕೊಂಡಿದ್ದರು. ನಾವು ಕೊಂಡಾಗಲೇ ಹಿಂದಿನ ಎಡ ಮೂಲೆ ಸ್ವಲ್ಪ ಮೆತ್ತಗಿತ್ತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸಿಂಕ್ ಮುಂದೆ ನಿಂತರೆ ಹಿಮ್ಮಡಿ ಕೆಳಗಿಳಿಯುತ್ತಿತ್ತು. ವಿನೈಲ್ ಉಬ್ಬಿ ಸೀಳಿತ್ತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ.

ಒಂದು ಶೆಡ್‌ನಲ್ಲಿ ವಿಚಾರಿಸಿದೆ. "ಮೇಲೆ ಇನ್ನೊಂದು ಮ್ಯಾಟ್ ಹಾಕಿ ಬೀಡಿಂಗ್ ಹೊಡೀತೀವಿ ಸಾರ್, ಸಂಜೆಗೆ ಗಾಡಿ ತಗೊಂಡ್ ಹೋಗಿ" ಅಂದರು. ಈ ಗಾಡಿಗೆ ಹಿಂದೆ ಯಾರೋ ಅದನ್ನೇ ಮಾಡಿದ್ದರು, ಅದಕ್ಕೇ ಈ ಗತಿ. ಹಾಗಾಗಿ ನಾನು, ನಮ್ಮ ಭಾವ, ಜೊತೆಗೆ ಮನೆ ಹತ್ತಿರದ ಆಚಾರ್ರು ಸೇರಿ ಪೂರ್ತಿ ಕಿತ್ತು ಮಾಡೋಣ ಅಂತ ತೀರ್ಮಾನ ಮಾಡಿದೆವು. ಬೆಂಗಳೂರಲ್ಲಿ ಇದಕ್ಕೆ ಒಳ್ಳೆ ಕಾಲ ಫೆಬ್ರವರಿ, ಮಾರ್ಚ್. ಗಾಳಿ ಒಣಗಿರುತ್ತದೆ. ಏಪ್ರಿಲ್‌ನಲ್ಲಿ ಮಾವಿನ ಮಳೆ ಶುರುವಾದರೆ ಮರ ಒಣಗಿಸೋದು ಕಷ್ಟ.

1. ನೀರು ಎಲ್ಲಿಂದ ಬರುತ್ತಿದೆ (ಫೆಬ್ರವರಿ ಮೂರನೇ ವಾರ)

ನೆಲಕ್ಕೆ ಕೈ ಹಾಕುವ ಮೊದಲು ಇದು ಗೊತ್ತಾಗಬೇಕಿತ್ತು. ಎಲ್ಲರ ಅನುಮಾನ ಸಿಂಕ್ ಮೇಲೆ. ಟ್ಯಾಂಕ್ ತುಂಬಿಸಿ, ಪೈಪಿನ ಜಾಯಿಂಟ್‌ಗಳ ಕೆಳಗೆ ಟಿಶ್ಯೂ ಪೇಪರ್ ಹರಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪೇಪರ್ ಒಣಗೇ ಇತ್ತು. ಸಿಂಕ್ ತುಂಬಿಸಿ ಒಮ್ಮೆಲೇ ನೀರು ಬಿಟ್ಟಾಗ ಮಾತ್ರ ವೇಸ್ಟ್ ಪೈಪಿನ ಕ್ಲಿಪ್ ಹತ್ತಿರ ಒಂದೆರಡು ಹನಿ. ಕ್ಲಿಪ್ ಬದಲಾಯಿಸಿದೆ. ಆದರೆ ಒಂದೆರಡು ಹನಿಗೆ ಇಷ್ಟು ನೆಲ ಕೊಳೆಯೋದಿಲ್ಲ, ಅಲ್ವಾ?

ಆಮೇಲೆ ಗೋಡೆಯ ಬುಡಕ್ಕೆ ಉದ್ದಕ್ಕೂ ರಂಗೋಲಿ ಪುಡಿ ತೆಳುವಾಗಿ ಉದುರಿಸಿದೆ. ಒದ್ದೆಯಾದ ಕಡೆ ಪುಡಿ ಬೂದಿ ಬಣ್ಣಕ್ಕೆ ತಿರುಗಿ ಅಂಟಿಕೊಳ್ಳುತ್ತೆ. ಒಂದು ಹನಿ ಬಿದ್ದರೂ ತಿಳಿಯುತ್ತೆ. ಭಾವ ಹೊರಗೆ ಪೈಪ್ ಹಿಡಿದು ನಿಂತರು, ನಾನು ಒಳಗೆ ಟಾರ್ಚ್ ಹಿಡಿದು ಕೂತೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗಬೇಕು. ಮೊದಲೇ ಟಾಪ್ ಮೇಲೆ ಬಿಟ್ಟರೆ ಎಲ್ಲ ಕಡೆ ಇಳಿದು, ಯಾವ ಸಂದಿಯಿಂದ ಬಂತು ಅಂತ ಗೊತ್ತಾಗೋದೇ ಇಲ್ಲ. ಒಂದೊಂದು ಜಾಗಕ್ಕೆ ಹತ್ತು ನಿಮಿಷ.

ಮೊದಲು ಹಿಂದಿನ ಚಕ್ರದ ಒಳಗೆ, ಕೆಳಗಿನಿಂದ ಜೋರಾಗಿ ಬಿಟ್ಟೆವು. ಐದು ನಿಮಿಷಕ್ಕೇ ಸೀಳಿದ ವಿನೈಲ್ ಅಂಚಲ್ಲಿ ನೀರು ಜಿನುಗಿತು. ಸೀಟು ಬಿಚ್ಚಿದಾಗ ಬೋಲ್ಟ್ ತೂತುಗಳನ್ನು ಸರಿಯಾಗಿ ಮುಚ್ಚಿರಲಿಲ್ಲ. ಎಂ-ಸೀಲ್ ಮೆತ್ತಿದ್ದರು, ಗಾಡಿ ಕುಲುಕಿ ಕುಲುಕಿ ಅದು ಉದುರಿತ್ತು. ಮಳೆಯಲ್ಲಿ ಓಡಿಸಿದಾಗಲೆಲ್ಲ ಚಕ್ರ ಎರಚಿದ ನೀರು ನೇರ ಪ್ಲೈವುಡ್‌ಗೆ.

ಎರಡನೆಯದು ಕಿಟಕಿ. ಎಡಗಡೆ ಜಾರು ಗಾಜಿನ ಮೇಲೆ ನೀರು ಬಿಟ್ಟು ಸ್ವಲ್ಪ ಹೊತ್ತಿಗೆ ಗೋಡೆಯ ಪ್ಯಾನಲ್ ಕೆಳಗಿನಿಂದ ಬಂದ ನೀರು ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿತು. ಬೆರಳಗಲ, ನೇರ ವೀಲ್ ಆರ್ಚ್ (ಚಕ್ರದ ಮೇಲೆ ಗಾಡಿಯೊಳಗೆ ಉಬ್ಬಿರುವ ತಗಡು) ಕಡೆಗೆ. ಗಾಜು ಓಡಾಡುವ ಚಾನಲ್‌ನಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಧೂಳು ಕಟ್ಟಿ ಕಲ್ಲಾಗಿದ್ದವು. ಚಾನಲ್ ತುಂಬಿದ ನೀರು ಒಳಗೆ ಸುರಿಯುತ್ತಿತ್ತು. ಸೈಕಲ್ ಕಡ್ಡಿಯಿಂದ ಚುಚ್ಚಿ ಬಿಡಿಸಿ, ಸವೆದ ಫೆಲ್ಟ್ ಪಟ್ಟಿ ಹೊಸದು ಹಾಕಿದೆ. ಮತ್ತೆ ನೀರು ಬಿಟ್ಟಾಗ ಪುಡಿ ಬಿಳಿಯಾಗೇ ಉಳಿಯಿತು. ಹಳೆ ಗಾಡಿ ಇರುವವರು ಬೇರೇನೂ ಮಾಡದಿದ್ದರೂ ಪ್ರತಿ ಮೇ ತಿಂಗಳಲ್ಲಿ ಈ ತೂತುಗಳನ್ನಾದರೂ ಬಿಡಿಸಿಕೊಳ್ಳಿ.

2. ಕೀಳುವ ಕೆಲಸ

ಮೊದಲು ಗ್ಯಾಸ್ ಸಿಲಿಂಡರ್ ಹೊರಗೆ, ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದು. ಸಿಂಕ್ ಕಪಾಟು ಪೂರ್ತಿ ತೆಗೆದೆವು. ಮಂಚದ ಚೌಕಟ್ಟು ಕಬ್ಬಿಣದ್ದು, ಕಾಲುಗಳಿಗೆ ಬೋಲ್ಟ್ ಇದೆ. ಅದನ್ನೂ ಬಿಚ್ಚಿದೆವು. ಕಪಾಟಿನ ಸುತ್ತ ವಿನೈಲ್ ಕತ್ತರಿಸಿ ಕೂರಿಸಿದರೆ ಬೇಗ ಮುಗಿಯುತ್ತೆ ನಿಜ. ಆದರೆ ಕೊಳೆತದ್ದು ಇದ್ದದ್ದೇ ಕಪಾಟಿನ ಕೆಳಗೆ.

ವಿನೈಲ್ ಅನ್ನು ಒಂದೊಂದು ಅಡಿ ಅಗಲದ ಪಟ್ಟಿಯಾಗಿ ಕಟ್ಟರ್‌ನಲ್ಲಿ ಸೀಳಿ ಎಳೆದರೆ ಸುಲಭ. ಮೇಲಿನದು ಮರದ ಡಿಸೈನ್‌ನದು. ಅದರ ಕೆಳಗೆ ಕಂದು ಬಣ್ಣದ ಇನ್ನೊಂದು, ಗಾಡಿಯ ಜೊತೆಗೇ ಬಂದದ್ದು ಅನಿಸುತ್ತೆ. ಎರಡರ ನಡುವೆ ಕಪ್ಪು ಬೂಷ್ಟು, ಅಂಗೈಗೆ ಅಂಟುವಷ್ಟು ಒದ್ದೆ. ಪ್ಲೈ ಕೆಳಗೆ, ಕಬ್ಬಿಣದ ತಗಡಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ. ನೀರು ಬರದಿರಲಿ ಅಂತ ಹಾಕಿದ್ದು. ಮೇಲಿಂದ ಬಂದ ನೀರು ಕೆಳಗಿಳಿಯದೆ ಅಲ್ಲೇ ನಿಂತಿತ್ತು. ತಣ್ಣನೆ ಊರಿಗೆ ಹೋದಾಗ ತಗಡಿನ ಮೇಲೆ ಕಟ್ಟುವ ಇಬ್ಬನಿಗೂ ದಾರಿ ಇಲ್ಲ.

ಎಲ್ಲಿವರೆಗೆ ಕೊಳೆತಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಚೂಪಾದ ಸ್ಕ್ರೂಡ್ರೈವರ್‌ನಿಂದ ನಾಲ್ಕು ನಾಲ್ಕು ಇಂಚಿಗೆ ಚುಚ್ಚಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಸಿಂಕ್ ಜಾಗದಲ್ಲಿ ಸ್ಕ್ರೂಡ್ರೈವರ್ ಪೂರ್ತಿ ಇಳಿದು ತಗಡಿಗೆ ತಾಗಿತು. ಕೈಯಲ್ಲಿ ಎತ್ತಿದರೆ ಪ್ಲೈ ಪದರ ಪದರವಾಗಿ ಬಿಟ್ಟು ಬಂತು. ತೇವಾಂಶ ನೋಡುವ ಮೀಟರ್ ಒಂದು ತಂದಿದ್ದೆ. ಗಟ್ಟಿ ಜಾಗದಲ್ಲಿ 10, 11 ಪರ್ಸೆಂಟ್, ಲಡ್ಡಾದ ಜಾಗದಲ್ಲಿ 28ರ ಮೇಲೆ. ಮರ 20 ದಾಟಿದ ಒದ್ದೆಯಲ್ಲೇ ಇದ್ದರೆ ಬೂಷ್ಟು, ಕೊಳೆ ಬಿಡೋದಿಲ್ಲ.

ತೆಗೆಯಬೇಕಾದದ್ದು ಹಿಂಬದಿಯಲ್ಲಿ 4 ಅಡಿ ಉದ್ದ, ಪೂರ್ತಿ ಅಗಲ 5 ಅಡಿ 6 ಇಂಚು. ಜೊತೆಗೆ ಬಾಗಿಲ ಹತ್ತಿರ ಒಂದು ತುಂಡು. ಮುಂದಿನ ಭಾಗ ಗಟ್ಟಿಯಾಗಿತ್ತು, ಅದನ್ನು ಉಳಿಸಿಕೊಂಡೆವು. ಗುರುತಿನ ಮೇಲೇ ಕತ್ತರಿಸಲಿಲ್ಲ. ಅರ್ಧ ಅಡಿ ಆಚೆ, ತಗಡಿನ ಏಣು (ಎದ್ದಿರುವ ಪಟ್ಟಿ) ಎಲ್ಲಿದೆಯೋ ಅಲ್ಲಿಗೆ ಗೆರೆ ಹಾಕಿದೆವು. ಜಾಯಿಂಟ್ ಏಣಿನ ಮೇಲೆ ಕೂತರೆ ಅಲುಗೋದಿಲ್ಲ. ಹಳ್ಳದ ಮೇಲೆ ಬಂದರೆ ಕಾಲಿಟ್ಟಾಗಲೆಲ್ಲ ಕುಣಿಯುತ್ತೆ, ಮೇಲಿನ ವಿನೈಲ್ ಗೆರೆ ಬಿದ್ದು ಸೀಳುತ್ತೆ. ಪ್ಲೈ 12 ಎಂಎಂ. ಗರಗಸದ ಮೆಷಿನ್‌ನ ಆಳ 11ಕ್ಕೆ ಇಟ್ಟು ಕೊಯ್ದು, ಉಳಿದ ಪದರವನ್ನು ಆಚಾರ್ರು ಉಳಿಯಲ್ಲಿ ಬಿಡಿಸಿದರು. ತಗಡಿಗೆ ಒಂದು ಗೀರೂ ಬೀಳಲಿಲ್ಲ.

3. ತಗಡು, ತುಕ್ಕು, ತೂತು (ಮಾರ್ಚ್ ಮೊದಲ ವಾರ)

ಪ್ಲಾಸ್ಟಿಕ್ ಎತ್ತಿದ ಮೇಲೆ ಬಾಗಿಲು, ಕಿಟಕಿ ತೆಗೆದಿಟ್ಟು ಪೆಡೆಸ್ಟಲ್ ಫ್ಯಾನ್ ಹಾಕಿ ಒಣಗಲು ಬಿಟ್ಟೆ. ಆಮೇಲೆ ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ ಉಜ್ಜಿದ್ದು. ಕನ್ನಡಕ, ಮಾಸ್ಕ್ ಬೇಕೇ ಬೇಕು. ಬ್ರಶ್‌ನ ತಂತಿ ಬಿಚ್ಚಿ ಹಾರುತ್ತೆ.

ತುಕ್ಕು ಬಹುಪಾಲು ಮೇಲ್ಮೈಯದ್ದು. ಎಡ ವೀಲ್ ಆರ್ಚ್ ಬುಡದಲ್ಲಿ ಮಾತ್ರ ಹತ್ತು ರೂಪಾಯಿ ನಾಣ್ಯದಷ್ಟು ತೂತು. ಅದರ ಕೆಳಗಿನ ಅಡ್ಡ ಚಾನಲ್ ಹೇಗಿದೆ ಅನ್ನೋದು ಮುಖ್ಯ. ಗಾಡಿ ಕೆಳಗೆ ಹೋಗಿ ಸುತ್ತಿಗೆಯಲ್ಲಿ ಬಡಿದೆ, ಉದ್ದಕ್ಕೂ ಟಣ್ ಅಂತ ಗಟ್ಟಿ ಸದ್ದು. ಅಲ್ಲಿ ಮಂದ ಸದ್ದು ಬಂದಿದ್ದರೆ, ಪೊರೆ ಉದುರಿದ್ದರೆ, ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಟಿಂಕರಿಂಗ್‌ನವರ ಹತ್ತಿರ ವೆಲ್ಡಿಂಗ್‌ಗೆ ಹೋಗಬೇಕು. ನಮ್ಮದು ಬರೀ ತಗಡು. ಅದಕ್ಕೆ 1.2 ಎಂಎಂ ಜಿಐ ಶೀಟ್ ತುಂಡು, ತೂತಿಗಿಂತ ಎಲ್ಲ ಕಡೆ ಒಂದು ಇಂಚು ಜಾಸ್ತಿ, ಕೆಳಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಚ್ಚಿ ಪಾಪ್ ರಿವೆಟ್ ಹೊಡೆದೆವು.

ಸೀಟಿನ ಬೋಲ್ಟ್ ತೂತುಗಳು 20ರ ಮೇಲಿದ್ದವು. ಪ್ರತಿಯೊಂದಕ್ಕೂ ಸ್ಟೇನ್‌ಲೆಸ್ ಬೋಲ್ಟ್, ಎರಡೂ ಕಡೆ ಅಗಲದ ವಾಷರ್, ನಡುವೆ ಪಿಯು ಸೀಲೆಂಟ್. ಬೋಲ್ಟ್ ತಲೆ ತಗಡಿನ ಹಳ್ಳದಲ್ಲಿ ಕೂರುತ್ತೆ, ಪ್ಲೈಗೆ ತಾಗೋದಿಲ್ಲ. ಎಂ-ಸೀಲ್ ಗಟ್ಟಿಯಾದ ಮೇಲೆ ಬಗ್ಗೋದಿಲ್ಲ. ನಲ್ಲಿಗೆ ಅದು ಸರಿ, ಅಲುಗುವ ಗಾಡಿಗೆ ಅಲ್ಲ. ಪಿಯು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತೆ.

ಉಜ್ಜಿಯೂ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಬಳಿದೆ. ಕೆಂಪು ಹೋಗಿ ಕಪ್ಪಾಗುತ್ತೆ. ಮಾರನೇ ದಿನ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಎರಡು ಕೋಟ್. ರೆಡ್ ಆಕ್ಸೈಡ್ ಅಗ್ಗ, ಆದರೆ ಮೇಲೆ ಪೇಂಟ್ ಇಲ್ಲದಿದ್ದರೆ ಅದು ನೀರು ಹೀರುತ್ತೆ. ಹಳ್ಳಗಳ ತುದಿಯಲ್ಲಿ ಕಟ್ಟಿದ್ದ ಮಣ್ಣು ಕೆರೆದು ತೆಗೆದೆವು, ಇನ್ನು ನೀರು ಬಂದರೂ ಅಲ್ಲಿಂದ ಹೊರಗೆ ಹೋಗುತ್ತೆ. ಪ್ಲಾಸ್ಟಿಕ್ ಹಾಳೆ ಮತ್ತೆ ಹಾಕಲಿಲ್ಲ.

4. ಪ್ಲೈವುಡ್

ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋದರೆ ಎಲ್ಲ ಅಂಗಡಿಯಲ್ಲೂ "ವಾಟರ್‌ಪ್ರೂಫ್" ಅಂತಾರೆ. ಆ ಮಾತು ಬಿಟ್ಟು ಶೀಟಿನ ಮೇಲಿನ ಮುದ್ರೆ ನೋಡಿ. ಐಎಸ್ 303 ಎಂಆರ್ (ತೇವ ತಡೆಯುವ ಗ್ರೇಡ್) ಅಂತಿದ್ದರೆ ಮನೆಯ ಒಣ ಕಪಾಟಿಗೆ ಸಾಕು. ಗಾಡಿ ನೆಲಕ್ಕೆ ಐಎಸ್ 710, ಮರೈನ್ ಗ್ರೇಡ್. ಎರಡಕ್ಕೂ ಇರುವ ವ್ಯತ್ಯಾಸ ಮರಕ್ಕಿಂತ ಹೆಚ್ಚಾಗಿ ಅಂಟಿನದು. ಎಂಆರ್‌ನಲ್ಲಿ ಯೂರಿಯಾ ಅಂಟು, ನೀರಲ್ಲಿ ನೆನೆದರೆ ಬಿಡುತ್ತೆ. 710ರಲ್ಲಿ ಫಿನಾಲಿಕ್ ಅಂಟು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋದು ಅದರ ಪರೀಕ್ಷೆ. ಅಂಗಡಿಯವರ ಹತ್ತಿರ ಒಂದು ಚೂರು ಕೇಳಿ ತಂದು, ಹಳೆ ಪಾತ್ರೆಯಲ್ಲಿ ಹಾಕಿ ಮಧ್ಯಾಹ್ನವೆಲ್ಲ ಕುದಿಸಿದೆ. ನೀರು ಚಹಾ ಬಣ್ಣಕ್ಕೆ ಬಂತು, ಪದರ ಮಾತ್ರ ಉಗುರು ಹಾಕಿದರೂ ಬಿಡಲಿಲ್ಲ. ಆಮೇಲೇ ಶೀಟ್ ತಗೊಂಡಿದ್ದು.

8x4 ಅಡಿಯ 12 ಎಂಎಂ ಶೀಟ್ ಒಂದೇ ಸಾಕಾಯಿತು. 4 ಅಡಿಗೆ 5 ಅಡಿ 6 ಇಂಚು ಹಿಂಬದಿಗೆ, ಉಳಿದ ಎರಡೂವರೆ ಅಡಿಯಲ್ಲಿ ಬಾಗಿಲ ತುಂಡು. ವೀಲ್ ಆರ್ಚ್‌ನ ತಿರುವಿಗೆ ರಟ್ಟಿನಲ್ಲಿ ಅಳತೆ ತೆಗೆದು ಕೊಯ್ದರು ಆಚಾರ್ರು. ಕೊಯ್ದ ಅಂಚಿಗೆ ಕೆಲಸ ಜಾಸ್ತಿ ಬೇಕು. ನೀರು ಪ್ಲೈ ಒಳಗೆ ಹೋಗೋದು ಅಂಚಿನಿಂದಲೇ. ಕೆಳಮುಖಕ್ಕೂ ಅಂಚಿಗೂ ಎಪಾಕ್ಸಿ ಎರಡು ಕೋಟ್, ಅಂಚಿಗೆ ಇನ್ನೊಂದು ಕೈ. ಸ್ಕ್ರೂ ತೂತುಗಳಿಗೂ ಒಂದೊಂದು ಹನಿ ಸೀಲೆಂಟ್.

ಸ್ಕ್ರೂ ಹೊಡೆಯುವ ಮೊದಲು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ನಾವು ಬಳಸಿದ್ದು 25 ಎಂಎಂ ಸ್ಕ್ರೂ, ತಗಡು ದಾಟಿ ಕೆಳಗೆ ಒಂದು ಸೆಂಟಿಮೀಟರ್‌ನಷ್ಟು ಇಳಿಯುತ್ತೆ. ಡೀಸೆಲ್ ಟ್ಯಾಂಕ್, ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಿ ಹೋಗುತ್ತೆ ಅಂತ ಸೀಮೆಸುಣ್ಣದಲ್ಲಿ ಮೇಲೆ ಗುರುತು ಮಾಡಿಕೊಂಡು, ಆ ಜಾಗ ಬಿಟ್ಟು ಹೊಡೆದೆವು.

ಮೇಲ್ಮೈ ನುಣುಪು ಮಾಡೋದಕ್ಕೆ ಆಚಾರ್ರು ವಾಲ್ ಪುಟ್ಟಿ ಸಾಕು ಅಂದರು. ಚೂರು ಪ್ಲೈ ಮೇಲೆ ಹಚ್ಚಿ, ಒಣಗಿದ ಮೇಲೆ ಸ್ವಲ್ಪ ಬಗ್ಗಿಸಿದೆ. ಹಪ್ಪಳದಂತೆ ಮುರಿದು ಬಿತ್ತು. ಸಿಮೆಂಟ್ ಪುಟ್ಟಿ ಗೋಡೆಗೆ ಸರಿ. ಕಾರಿಗೆ ಹಾಕುವ ಪಾಲಿಯೆಸ್ಟರ್ ಪುಟ್ಟಿ ತಂದು ಜಾಯಿಂಟ್, ಸ್ಕ್ರೂ ತಲೆ ತುಂಬಿ 120 ನಂಬರ್ ಉಪ್ಪು ಕಾಗದದಲ್ಲಿ ಉಜ್ಜಿದೆವು. ಅಂಗೈ ಸವರಿ ನೋಡಬೇಕು, ಕಣ್ಣು ಸಾಲದು. 2 ಎಂಎಂ ವಿನೈಲ್ ಕೆಳಗೆ ಒಂದು ಮರಳಿನ ಕಾಳಿದ್ದರೂ ಮೇಲೆ ಗುಳ್ಳೆ ಕಾಣುತ್ತೆ.

5. ಯಾವ ಗಂ (ಮಾರ್ಚ್ ಪೂರ್ತಿ ಇದರ ಪರೀಕ್ಷೆ)

ಇಲ್ಲಿ ಎಲ್ಲರೂ ಹೇಳೋದು ಹಳದಿ ರಬ್ಬರ್ ಗಂ. ಎರಡೂ ಕಡೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತುವಂಥದ್ದು. ಲ್ಯಾಮಿನೇಟ್‌ಗೆ ಅದು ತುಂಬ ಒಳ್ಳೆಯದು. ಮೆತ್ತನೆ ವಿನೈಲ್‌ಗೆ ಬೇಡ ಅಂದವರು ಆಸ್ಪತ್ರೆಗಳಿಗೆ ವಿನೈಲ್ ಹಾಸುವ ಕೆಲಸ ಮಾಡುವ ಒಬ್ಬ ಮೇಸ್ತ್ರಿ. ವಿನೈಲ್ ಮೆತ್ತಗಿರಲಿ ಅಂತ ಅದರಲ್ಲಿ ಒಂದು ಥರ ಎಣ್ಣೆ ಬೆರೆಸಿರುತ್ತಾರೆ. ಅದು ಮೆಲ್ಲಗೆ ಕೆಳಗಿಳಿದು ರಬ್ಬರ್ ಗಂ ಅನ್ನು ಕರಗಿಸುತ್ತೆ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಇನ್ನೂ ಬೇಗ.

ಅದಕ್ಕೇ ವಿನೈಲ್ ಸ್ಯಾಂಪಲ್ ತುಂಡನ್ನು ಎರಡು ಮಾಡಿ, ಒಂದನ್ನು ರಬ್ಬರ್ ಗಂನಲ್ಲಿ, ಇನ್ನೊಂದನ್ನು ಅವರು ಕೊಟ್ಟ ಬಿಳಿ ಅಕ್ರಿಲಿಕ್ ಗಂನಲ್ಲಿ ಪ್ಲೈಗೆ ಅಂಟಿಸಿ ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಬಿಸಿಲಿಗೆ ಇಟ್ಟೆ. ಮೊದಲ ದಿನ ಎರಡೂ ಒಂದೇ ಗಟ್ಟಿ. ತಗಡು, ಪ್ಲೈ ಕೆಲಸ ಮುಗಿಯುವ ಹೊತ್ತಿಗೆ ರಬ್ಬರ್ ಗಂನ ತುಂಡು ಮೂಲೆಯಲ್ಲಿ ಎದ್ದಿತ್ತು. ಎಳೆದರೆ ಗಂ ಹಲಸಿನ ಮೇಣವಾಗಿ ಎಳೆ ಎಳೆ ಬಂತು. ಬಿಳಿ ಗಂನದನ್ನು ಕೀಳಲು ಉಳಿ ಬೇಕಾಯಿತು. ಇದಾದ ಮೇಲೆ ಬೇರೆ ಯೋಚನೆ ಇರಲಿಲ್ಲ. ಜೊತೆಗೆ ಬಿಳಿ ಗಂನಲ್ಲಿ ಥಿನ್ನರ್ ವಾಸನೆ ಇಲ್ಲ, ಸಣ್ಣ ಜಾಗದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ತಲೆ ಸುತ್ತೋದಿಲ್ಲ, ಬೆಂಕಿಯ ಭಯವಿಲ್ಲ.

6. ಹಾಸಿದ್ದು (ಮಾರ್ಚ್ ಕೊನೆ)

ವಿನೈಲ್ ಬಸ್ಸಿಗೆ ಹಾಕುವ ಥರದ್ದು, 2 ಎಂಎಂ ದಪ್ಪ, ಮೇಲೆ ಜಾರದ ಹಾಗೆ ಸಣ್ಣ ಹರಳು. ರೋಲ್ ಅಗಲ 2 ಮೀಟರ್. ನಮ್ಮ ನೆಲ ಉದ್ದ 10 ಅಡಿ 4 ಇಂಚು, ಹಾಗಾಗಿ 3.5 ಮೀಟರ್ ಕೊಯ್ಯಿಸಿದೆ. ಒಂದೇ ತುಂಡು, ಮಧ್ಯೆ ಜಾಯಿಂಟ್ ಇಲ್ಲ. ರೋಲ್ ಸುತ್ತಿಕೊಂಡೇ ಬರುತ್ತೆ, ಹಿಂದಿನ ದಿನ ಹಾಲ್‌ನಲ್ಲಿ ಬಿಚ್ಚಿ ಹರಡಿಟ್ಟರೆ ಮಟ್ಟಸವಾಗುತ್ತೆ.

ಅಳತೆಗೆ ಮೊದಲು ನ್ಯೂಸ್‌ಪೇಪರ್ ಅಂಟಿಸಿ ನೋಡಿದೆವು. ಎತ್ತುವಾಗ ಹರಿದು, ಅಳತೆ ತಪ್ಪಿತು. ದಪ್ಪ ಬ್ರೌನ್ ಪೇಪರ್ ಸರಿ ಹೋಯಿತು. ಪೇಪರ್ ಮೇಲೆ ದೊಡ್ಡದಾಗಿ "ಮೇಲ್ಮುಖ, ಮುಂದೆ" ಅಂತ ಬರೆದಿಡಿ. ಮಗುಚಿ ಇಟ್ಟು ಕತ್ತರಿಸಿದರೆ ಎಡದ ವೀಲ್ ಆರ್ಚ್ ಬಲಕ್ಕೆ ಹೋಗುತ್ತೆ, 5 ಸಾವಿರದ ವಿನೈಲ್ ಹಾಳು. ಅಂಚಲ್ಲಿ ಗೋಡೆಗೂ ವಿನೈಲ್‌ಗೂ 3 ಎಂಎಂ ಸಂದಿ ಬಿಟ್ಟೆವು. ಮೂಲೆಗಳಲ್ಲಿ ಮಾತ್ರ ಎರಡು ಇಂಚು ಜಾಸ್ತಿ ಇಟ್ಟುಕೊಂಡು, ಒಳಗೆ ಕೂರಿಸಿದ ಮೇಲೆ ಕತ್ತರಿಸಿದ್ದು.

ಪ್ಲೈನ ತೇವಾಂಶ ಮತ್ತೆ ನೋಡಿದೆ. ಎಲ್ಲ ಕಡೆ 12ಕ್ಕಿಂತ ಕಮ್ಮಿ. ಮುಂದಿನ ಅರ್ಧ ವಿನೈಲ್ ಹಾಗೇ ಬಿಟ್ಟು, ಹಿಂದಿನ ಅರ್ಧ ಮಡಚಿ, ಹಲ್ಲಿನ ಕರಣೆಯಲ್ಲಿ ಗಂ ಎಳೆದೆವು. ಬಿಳಿ ಇದ್ದದ್ದು ಪಾರದರ್ಶಕ ಆಗುವವರೆಗೆ ಕಾಯಬೇಕು. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಗಂ ಬರಬಾರದು. ಅವಸರ ಮಾಡಿದರೆ ನೀರಿನ ಅಂಶ ಕೆಳಗೇ ಸಿಕ್ಕಿಕೊಳ್ಳುತ್ತೆ. ನಂತರ ಮಧ್ಯದಿಂದ ಅಂಚಿಗೆ ಒತ್ತುತ್ತಾ ಬಂದೆವು. ಭಾರದ ರೋಲರ್ ಇರಲಿಲ್ಲ. ಅಕ್ಕ ಕೊಟ್ಟ ಹಳೆ ಲಟ್ಟಣಿಗೆಗೆ ಬಟ್ಟೆ ಸುತ್ತಿ, ಮೈಭಾರ ಹಾಕಿ ಉರುಳಿಸಿದೆವು. ಗಾಳಿ ಚೆನ್ನಾಗಿ ಹೊರಟಿತು.

ವೀಲ್ ಆರ್ಚ್ ಬುಡ ಇಡೀ ಕೆಲಸದಲ್ಲಿ ಕಷ್ಟದ ಜಾಗ. ಹೀಟ್ ಗನ್ ಕಮ್ಮಿ ಬಿಸಿಯಲ್ಲಿ, ಒಂದು ಗೇಣು ದೂರದಿಂದ ಆಡಿಸುತ್ತಾ ಇದ್ದರೆ ವಿನೈಲ್ ಮೆತ್ತಗಾಗಿ ತಿರುವಿಗೆ ಕೂರುತ್ತೆ. ಒಂದೇ ಕಡೆ ನಿಲ್ಲಿಸಿದರೆ ಹೊಳಪು ಬಂದು ಹರಳು ಮುಳುಗುತ್ತೆ. ಬಲ ಆರ್ಚ್ ಮೂಲೆಯಲ್ಲಿ ಬೊಟ್ಟಿನಗಲ ಹೀಗಾಗಿದೆ, ಮಂಚದ ಕೆಳಗೆ ಬರುವ ಜಾಗ. ಎಡಗಡೆ ಮೊದಲೇ ಮೂಲೆಗೆ ವಿ ಆಕಾರದಲ್ಲಿ ಸಣ್ಣ ಕಟ್ ಕೊಟ್ಟು ಆಮೇಲೆ ಬಿಸಿ ಮಾಡಿದೆವು, ನೀಟಾಗಿ ಬಂತು.

7. ಅಂಚು, ಖರ್ಚು

ಸುತ್ತಲೂ 3 ಎಂಎಂ ಸಂದಿಗೆ ಪಿಯು ಸೀಲೆಂಟ್ ತುಂಬಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಸವರಿದ್ದು. ಬಾಗಿಲ ಮೆಟ್ಟಿಲಿಗೆ ಅಲ್ಯೂಮಿನಿಯಂ ಬೀಡಿಂಗ್. ಎರಡು ದಿನ ಯಾರೂ ಒಳಗೆ ಕಾಲಿಡಲಿಲ್ಲ, ಆಮೇಲೆ ಕಪಾಟು, ಮಂಚ ಕೂರಿಸಿದೆವು. ಮಂಚದ ಬೋಲ್ಟ್ ತೂತಿಗೂ ಸೀಲೆಂಟ್ ಮರೆಯಬಾರದು, ಹಳೆ ಕಥೆ ಶುರುವಾದದ್ದೇ ಬೋಲ್ಟ್ ತೂತಿನಿಂದ.

ಖರ್ಚು ಹೀಗೆ. ವಿನೈಲ್ 3.5 ಮೀಟರ್ 5,250 ರೂಪಾಯಿ. ಪ್ಲೈ 3,360. ಅಕ್ರಿಲಿಕ್ ಗಂ 1,900, ಡಬ್ಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಪಿಯು ಸೀಲೆಂಟ್ ಮೂರು ಟ್ಯೂಬ್ 1,350. ಎಪಾಕ್ಸಿ ಪ್ರೈಮರ್ 600, ರಸ್ಟ್ ಕನ್ವರ್ಟರ್ 450. ಸ್ಕ್ರೂ, ಬೋಲ್ಟ್ 350. ಬೀಡಿಂಗ್ 520. ಕಿಟಕಿ ಫೆಲ್ಟ್ 900. ಆಚಾರ್ರಿಗೆ 1,200. ಒಟ್ಟು 15,880. ಮೀಟರ್, ಹೀಟ್ ಗನ್, ಪುಟ್ಟಿ, ಬ್ರಶ್ ಇದರಲ್ಲಿ ಸೇರಿಲ್ಲ. ದುಡ್ಡು ಉಳಿಸಲೇಬೇಕು ಅಂದರೆ ವಿನೈಲ್‌ನಲ್ಲಿ ಉಳಿಸಿ, ಪ್ಲೈ ಮತ್ತು ಸೀಲೆಂಟ್‌ನಲ್ಲಿ ಬೇಡ. ವಿನೈಲ್ ನಾಳೆ ಬದಲಾಯಿಸಬಹುದು.

ಇನ್ನೊಂದು ವಿಷಯ. ಹೊಸ ನೆಲದ ಮೇಲೆ ರಬ್ಬರ್ ತಳದ ಕಾಲೊರೆಸು ಹಾಕಬೇಡಿ. ರಬ್ಬರ್‌ನಲ್ಲಿರುವ ಕೆಮಿಕಲ್ ವಿನೈಲ್‌ಗೆ ಇಳಿದು ಹಳದಿ ಕಲೆ ಮಾಡುತ್ತೆ, ಉಜ್ಜಿದರೂ ಹೋಗೋದಿಲ್ಲ. ನಾವು ಹತ್ತಿಯ ಜಮಖಾನ ಹಾಕಿದ್ದೇವೆ, ಒದ್ದೆಯಾದರೆ ತೆಗೆದು ಬಿಸಿಲಿಗೆ ಹಾಕಬಹುದು. ಏಪ್ರಿಲ್‌ನ ಮೊದಲ ಜೋರು ಮಳೆಯ ಮಾರನೇ ದಿನ ಸಿಂಕ್ ಕಪಾಟಿನ ಹಿಂದಿನ ಪ್ಲೈಗೆ ಮೀಟರ್ ಚುಚ್ಚಿ ನೋಡಿದೆ, 11 ತೋರಿಸಿತು. ಬಲಗಡೆ ಕಿಟಕಿಯ ಫೆಲ್ಟ್ ಮಾತ್ರ ಇನ್ನೂ ಹಳೆಯದೇ ಇದೆ, ಜೂನ್‌ಗೆ ಮುಂಚೆ ಅದನ್ನೂ ಬದಲಾಯಿಸಬೇಕು.